ಪರದೆಗಿಂತ ಮೊದಲು ಪುಟ: ಡಂಕ್ ಮತ್ತು ಎಗ್ ಕಥೆಯನ್ನು ಮಗಳ ಜೊತೆ ಓದುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮಗಳಿಗೆ ಹದಿಮೂರು ವರ್ಷ. ಬೆಂಗಳೂರಿನಲ್ಲಿರುವ ನನ್ನ ತಮ್ಮ ದೀಪಾವಳಿಗೆ ಬಂದಾಗ ಅವಳಿಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟು ಹೋದ. ಹೆಸರು 'ಎ ನೈಟ್ ಆಫ್ ದಿ ಸೆವೆನ್ ಕಿಂಗ್‌ಡಮ್ಸ್'. ತುಂಬಾ ಚಿತ್ರಗಳಿವೆ. ಇದೇ ಕಥೆ 2026ರ ಜನವರಿಯಲ್ಲಿ ಸೀರೀಸ್ ಆಗಿ ಬರುತ್ತಂತೆ. ಮಗಳು ಒಂದೇ ಸಂಜೆಯಲ್ಲಿ ಚಿತ್ರಗಳನ್ನೆಲ್ಲ ತಿರುವಿ ನೋಡಿದಳು. ಓದು ಮಾತ್ರ ಹತ್ತು ಪುಟ ದಾಟಿಲ್ಲ. 'ಹೆಂಗೂ ಸೀರೀಸ್ ಬರುತ್ತಲ್ಲ, ಅದನ್ನೇ ನೋಡಿದರಾಯ್ತು' ಅನ್ನುತ್ತಾಳೆ. ನಾನು ಆ ಹಳೆಯ ದೊಡ್ಡ ಸೀರೀಸ್ 'ಗೇಮ್ ಆಫ್ ಥ್ರೋನ್ಸ್' ನೋಡಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಾಫಿ ಕೊಯ್ಲು ಬೇರೆ ಶುರುವಾಗಿದೆ. ಸೀರೀಸ್ ಬರುವ ಮೊದಲು ಈ ಪುಸ್ತಕವನ್ನು ಅವಳ ಜೊತೆ ಖುಷಿಯಾಗಿ ಓದುವುದು ಹೇಗೆ? ಅವಳ ವಯಸ್ಸಿಗೆ ಇದು ಸರಿಯಾ?

ಉತ್ತರ: ನಮಸ್ಕಾರ. ಮೊದಲು ನಿಮ್ಮ ತಲೆ ಮೇಲಿನ ಒಂದು ಭಾರ ಇಳಿಸಿಬಿಡುತ್ತೇನೆ. ಜನವರಿಯೊಳಗೆ ಆ ಇಡೀ ಪುಸ್ತಕ ಓದಿ ಮುಗಿಸಬೇಕಾಗಿಲ್ಲ. ಅದರೊಳಗೆ ಮೂರು ಬೇರೆ ಬೇರೆ ಕಥೆಗಳಿವೆ. ಒಂದೊಂದೂ ಸಣ್ಣ ಕಾದಂಬರಿಯಷ್ಟು ಉದ್ದ. 2026ರ ಜನವರಿ 18ರಂದು ಶುರುವಾಗುವ ಸೀರೀಸ್‌ನ ಆರು ಕಂತುಗಳು ಮೊದಲನೇ ಕಥೆಯದ್ದು ಮಾತ್ರ. ಅಂದರೆ ನಿಮಗಿರುವ ಕೆಲಸ ಮೂರರಲ್ಲಿ ಒಂದು ಪಾಲು. ದಿನಕ್ಕೆ ನಾಲ್ಕೈದು ಪುಟ ಓದಿದರೂ ಆರಾಮಾಗಿ ಮುಗಿಯುತ್ತದೆ. ಕಣದಲ್ಲಿ ಹರವಿದ ಕಾಫಿಯನ್ನು ಗುಡ್ಡೆ ಮಾಡಿ, ಟಾರ್ಪಲ್ ಮುಚ್ಚಿ, ಊಟ ಮುಗಿಸಿದ ಮೇಲೆ ಅರ್ಧ ಗಂಟೆ ಸಿಕ್ಕರೆ ಸಾಕು.

ಹಳೆಯ ದೊಡ್ಡ ಸೀರೀಸ್ ನೋಡಿಲ್ಲ ಎಂಬ ಚಿಂತೆಯೂ ಬೇಡ. ಈ ಕಥೆ ಅದಕ್ಕಿಂತ ಸುಮಾರು 90 ವರ್ಷ ಹಿಂದೆ ನಡೆಯುವಂಥದ್ದು. ನಿಮ್ಮ ಮುತ್ತಜ್ಜನ ಕಾಲದ ಕಥೆ ಕೇಳೋಕೆ ಇವತ್ತಿನ ಪಂಚಾಯ್ತಿ ಮೆಂಬರ್ ಯಾರು ಅಂತ ಗೊತ್ತಿರಬೇಕಾ? ಇದೂ ಹಾಗೇ. ಅದನ್ನು ನೋಡದವರು ಇಲ್ಲಿಂದ ಶುರು ಮಾಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ದೊಡ್ಡ ಸರಣಿಯಲ್ಲಿ ನೂರಾರು ಪಾತ್ರಗಳು. ಇಲ್ಲಿ ಇಬ್ಬರನ್ನು ಹಿಡಿದುಕೊಂಡರೆ ಸಾಕು. ಒಬ್ಬ ಡಂಕ್. ಹದಿನಾರೋ ಹದಿನೇಳೋ ವಯಸ್ಸು, ಏಳು ಅಡಿಗೆ ಒಂದೇ ಇಂಚು ಕಡಿಮೆ ಎತ್ತರ. ಇನ್ನೊಬ್ಬ ಎಗ್. ಎಂಟೊಂಬತ್ತು ವರ್ಷದ ಬೋಳುತಲೆ ಹುಡುಗ. ಅವನಿಗೆ ಆ ಹೆಸರು ಯಾಕೆ ಬಂತು ಎಂದು ಮಗಳು ಊಹೆ ಮಾಡಲಿ, ನೀವು ಹೇಳಬೇಡಿ. ಇಂಟರ್‌ನೆಟ್‌ನಲ್ಲಿ ಹುಡುಕಲೂ ಬಿಡಬೇಡಿ. ಟ್ರೇಲರ್ ಕೂಡ ಸದ್ಯಕ್ಕೆ ಬೇಡ. ಈ ಕಥೆಯಲ್ಲಿ ಒಂದು ಗುಟ್ಟಿದೆ. ಅದು ತಾನಾಗಿ ಬಿಚ್ಚಿಕೊಂಡಾಗ ಸಿಗುವ ಸುಖವನ್ನು ಅವಳಿಂದ ಯಾರೂ ಕಿತ್ತುಕೊಳ್ಳಬಾರದು.

ಪುಸ್ತಕದ ಬಗ್ಗೆ ಎರಡು ಮಾತು. ಬರೆದವರು ಜಾರ್ಜ್ ಆರ್. ಆರ್. ಮಾರ್ಟಿನ್. ಮೂರು ಕಥೆಗಳು 1998, 2003 ಮತ್ತು 2010ರಲ್ಲಿ ಬೇರೆ ಬೇರೆ ಸಂಕಲನಗಳಲ್ಲಿ ಬಂದವು. 2015ರಲ್ಲಿ ಮೂರನ್ನೂ ಸೇರಿಸಿ, ಗ್ಯಾರಿ ಜಿಯಾನಿ ಎಂಬ ಅಮೆರಿಕದ ಕಲಾವಿದರ 160ಕ್ಕೂ ಹೆಚ್ಚು ಚಿತ್ರಗಳ ಜೊತೆ ಒಂದೇ ಪುಸ್ತಕ ಮಾಡಿದರು. ನಿಮ್ಮ ತಮ್ಮ ತಂದಿರುವುದು ಅದೇ. ಮೊದಲನೇ ಕಥೆ ಕಾಮಿಕ್ಸ್ ಆಗಿಯೂ ಬಂದಿದೆ, ಅದು ಬೇರೆಯವರು ಬರೆದ ಚಿತ್ರಗಳು. ಅಂಗಡಿಯಲ್ಲಿ ಅದನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಕಾಮಿಕ್ಸ್‌ನಲ್ಲಿ ಚಿತ್ರವೇ ಕಥೆ ಹೇಳುತ್ತದೆ. ನಿಮ್ಮ ಪುಸ್ತಕದಲ್ಲಿ ಕಥೆ ಹೇಳುವುದು ಮಾತು. ಚಿತ್ರ ಪಕ್ಕದಲ್ಲಿ ಕೂತು ಹೂಂಗುಟ್ಟುತ್ತದೆ.

ಈಗ ನಿಮ್ಮ ಮಗಳ ಮಾತಿಗೆ ಬರುತ್ತೇನೆ. ಸೀರೀಸ್ ಬರುತ್ತಲ್ಲ, ಅದನ್ನೇ ನೋಡಿದರಾಯ್ತು ಅನ್ನುತ್ತಾಳೆ. ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಒಂದು ಸಂಗತಿ ಹೇಳಿ. ನಮ್ಮ ವಯಸ್ಸಿನವರನ್ನು ಯಾರನ್ನಾದರೂ ಕೇಳಿ, ಮಯೂರವರ್ಮ ಹೇಗಿದ್ದ ಅಂತ. ಕಣ್ಣ ಮುಂದೆ ಬರುವುದು ಡಾ. ರಾಜ್‌ಕುಮಾರ್ ಮುಖವೇ. 1975ರ ಆ ಸಿನಿಮಾ ದೇವುಡು ಅವರ ಕಾದಂಬರಿಯಿಂದ ಬಂದದ್ದು. ನಾನು ಸಿನಿಮಾ ನೋಡಿ ಎಷ್ಟೋ ವರ್ಷಗಳ ಮೇಲೆ ಕಾದಂಬರಿ ಓದಿದೆ. ಪುಟಪುಟದಲ್ಲೂ ಅಣ್ಣಾವ್ರೇ ಬಂದು ನಿಂತರು. ಅವರ ಮೇಲೆ ನನಗಿರುವ ಪ್ರೀತಿ ದೊಡ್ಡದು. ಆದರೂ ನನ್ನದೇ ಒಬ್ಬ ಮಯೂರ ನನಗೆ ಸಿಗಲೇ ಇಲ್ಲ. ಮೊದಲು ನೋಡಿದ ಮುಖ ಮನಸ್ಸಿನಲ್ಲಿ ಅಚ್ಚೊತ್ತಿಬಿಡುತ್ತದೆ, ಆಮೇಲೆ ಅಲ್ಲಾಡುವುದಿಲ್ಲ.

ಸೀರೀಸ್‌ನಲ್ಲಿ ಡಂಕ್ ಆಗಿರುವವರು ಪೀಟರ್ ಕ್ಲಾಫಿ. ಮೊದಲು ರಗ್ಬಿ ಆಡುತ್ತಿದ್ದವರು, ನಿಜಕ್ಕೂ ದೈತ್ಯ ಆಳು. ಎಗ್ ಆಗಿರುವುದು ಡೆಕ್ಸ್‌ಟರ್ ಸಾಲ್ ಆನ್ಸೆಲ್ ಎಂಬ ಪುಟ್ಟ ಹುಡುಗ. ಇಬ್ಬರೂ ಚೆನ್ನಾಗಿ ಮಾಡಿರಲಿ ಅಂತ ನನಗೂ ಆಸೆ ಇದೆ. ಆದರೆ ಜನವರಿ 18ರ ನಂತರ ಈ ಮುಖಗಳೇ ಎಲ್ಲರ ಡಂಕ್, ಎಲ್ಲರ ಎಗ್ ಆಗುತ್ತವೆ. ಅದಕ್ಕೆ ಮೊದಲಿನ ಈ ಒಂದು ತಿಂಗಳು ನಿಮ್ಮ ಮಗಳಿಗೆ ಸೇರಿದ್ದು. ಅವಳ ಡಂಕ್ ನಿಮ್ಮ ತೋಟಕ್ಕೆ ಬರುವ ಯಾವನೋ ಎತ್ತರದ ಹುಡುಗನ ಹಾಗೆ ಇರಬಹುದು. ಎಗ್ ಅವಳ ಕ್ಲಾಸಿನ ತುಂಟನ ಹಾಗೆ ಇರಬಹುದು.

ಹಾಗಾದರೆ ಪುಸ್ತಕದಲ್ಲೇ ಚಿತ್ರಗಳಿವೆಯಲ್ಲ, ಅವು ಮುಖ ಕೊಟ್ಟುಬಿಡಲ್ವಾ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಈ ಪುಸ್ತಕದ ರುಚಿ ಇರುವುದೇ ಇಲ್ಲಿ.

ಜಿಯಾನಿ ಅವರ ಚಿತ್ರಗಳು ಶಾಯಿಯ ಗೆರೆಗಳು. ಬಣ್ಣ ಇಲ್ಲ. ಒಂದು ಚಿತ್ರವನ್ನು ದೀಪದ ಕೆಳಗೆ ಹಿಡಿದು ಹತ್ತಿರದಿಂದ ನೋಡಿ. ನೆರಳು ಅಂತ ನಮಗೆ ಕಂಡದ್ದು ನಿಜವಾಗಿ ಒತ್ತೊತ್ತಾಗಿ ಎಳೆದ ಸಣ್ಣ ಸಣ್ಣ ಗೆರೆ. ಗೆರೆ ಒತ್ತಾದ ಕಡೆ ಕತ್ತಲು. ಬಿಡಿಯಾದ ಕಡೆ ಬೆಳಕು. ಏನೂ ಎಳೆಯದೆ ಬಿಟ್ಟ ಬಿಳಿ ಕಾಗದವೇ ಬಿಸಿಲು. ಇಂಥ ಚಿತ್ರ ಆಕಾರ ಕೊಡುತ್ತದೆ, ಉಳಿದದ್ದನ್ನು ನಮಗೆ ಬಿಡುತ್ತದೆ. ಬಣ್ಣ ನಾವು ತುಂಬಬೇಕು. ಸದ್ದು ನಾವು ಕೇಳಿಸಿಕೊಳ್ಳಬೇಕು. ಎತ್ತಿದ ಭರ್ಜಿ ಮುಂದಿನ ಗಳಿಗೆಯಲ್ಲಿ ಎಲ್ಲಿಗೆ ಬಡಿಯುತ್ತದೆ ಎಂದು ನಾವೇ ಅಂದಾಜು ಮಾಡಬೇಕು. ಪರದೆ ಇದನ್ನೆಲ್ಲ ತಾನೇ ಮಾಡಿ ಕೈಗೆ ಕೊಡುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಒಂದು ಭಾನುವಾರ ಮಗಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ. ಬಳಪದ ಕಲ್ಲಿಗೂ ಬಣ್ಣ ಇಲ್ಲ. ಹೊಯ್ಸಳೇಶ್ವರನ ಗೋಡೆಯ ಕೆಳಗಿನ ಸಾಲುಗಳಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು. ಅದರ ಮೇಲೆ ಕಥೆಗಳ ಸಾಲು. ಪ್ರದಕ್ಷಿಣೆ ಬರುತ್ತಾ ಹೋದರೆ ರಾಮಾಯಣ, ಮಹಾಭಾರತ ಒಂದೊಂದೇ ತುಣುಕಾಗಿ ಎದುರಾಗುತ್ತವೆ. ಚಕ್ರವ್ಯೂಹದೊಳಗೆ ಸಿಕ್ಕಿಕೊಂಡ ಅಭಿಮನ್ಯು ಅಂಗೈ ಅಗಲದ ಜಾಗದಲ್ಲಿ ಇದ್ದಾನೆ. ಶಿಲ್ಪಿ ಒಂದು ಗಳಿಗೆಯನ್ನಷ್ಟೇ ಕೆತ್ತಿದ್ದಾನೆ. ಹಿಂದಿನದು, ಮುಂದಿನದು ನೋಡುವವರ ನೆನಪಿನಲ್ಲಿದೆ. ಕಥೆ ಗೊತ್ತಿದ್ದವರು ಅಲ್ಲೇ ನಿಂತುಬಿಡುತ್ತಾರೆ. ಗೊತ್ತಿಲ್ಲದವರು ಫೋಟೋ ಹೊಡೆದು ಮುಂದೆ ಹೋಗುತ್ತಾರೆ. ನಿಮ್ಮ ಮಗಳು ಒಂದೇ ಸಂಜೆಯಲ್ಲಿ ಚಿತ್ರ ಎಲ್ಲ ತಿರುವಿದಳಲ್ಲ, ಅದು ಗುಡಿಗೆ ಹೋದ ಮಗು ಮೊದಲು ಜಗಲಿಯ ಮೇಲೆ ಒಂದು ಸುತ್ತು ಓಡಿ ಬಂದ ಹಾಗೆ. ಓಡಲಿ ಬಿಡಿ. ಈಗ ಎರಡನೇ ಸುತ್ತು. ಈ ಸಲ ನೀವು ಕೈ ಹಿಡಿದುಕೊಂಡು ನಿಧಾನಕ್ಕೆ ನಡೆಯಿರಿ.

ಜಿಯಾನಿ ಈ ಪುಸ್ತಕಕ್ಕೆ ಮೊದಲು, 2004ರಿಂದ 2012ರವರೆಗೆ, 'ಪ್ರಿನ್ಸ್ ವೇಲಿಯಂಟ್' ಎಂಬ ಕಾಮಿಕ್ಸ್‌ಗೆ ಚಿತ್ರ ಬರೆಯುತ್ತಿದ್ದರು. 1937ರಲ್ಲಿ ಹಾಲ್ ಫಾಸ್ಟರ್ ಶುರು ಮಾಡಿದ ಸರಣಿ ಅದು. ರಾಜಕುಮಾರರು, ಕುದುರೆ, ಕೋಟೆ ಅದರ ಲೋಕ. ಅದರಲ್ಲಿ ಪಾತ್ರಗಳ ಬಾಯಿಂದ ಗುಳ್ಳೆ ಹೊರಟು ಮಾತು ಬರುವುದಿಲ್ಲ. ಚಿತ್ರ ತನ್ನ ಪಾಡಿಗೆ, ಮಾತು ತನ್ನ ಪಾಡಿಗೆ. ಆ ಕೈ ಪಳಗಿದ್ದು ಅಲ್ಲಿ. ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಚಂದಮಾಮ ಇದೆಯಲ್ಲ. ಕನ್ನಡದಲ್ಲಿ 1949ರಿಂದ ಬಂತು. ಬೇತಾಳನನ್ನು ಹೆಗಲ ಮೇಲೆ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಶಂಕರ್ ಬರೆದ ಆ ಚಿತ್ರ ನಿಮಗೂ ನೆನಪಿರಬೇಕು. ನಮ್ಮ ಮನೆಯಲ್ಲಿ ಅಕ್ಕ ಓದುತ್ತಿದ್ದಳು, ನಾನು ಬಗ್ಗಿ ಚಿತ್ರ ನೋಡುತ್ತಿದ್ದೆ. ಆ ಮರ ಎಷ್ಟು ದೂರ, ಸ್ಮಶಾನದಲ್ಲಿ ಎಂಥ ಗಾಳಿ, ಹೆಗಲ ಮೇಲಿನ ಹೆಣ ಎಷ್ಟು ತಣ್ಣಗಿರುತ್ತೆ, ಎಲ್ಲ ನಾನೇ ಕಟ್ಟಿಕೊಂಡದ್ದು.

ಆದ್ದರಿಂದ ಓದುವ ಕ್ರಮ ಹೀಗಿರಲಿ. ಚಿತ್ರ ಬಂದ ಕಡೆ ಓದು ನಿಲ್ಲಿಸಿ. ಅಂಗೈಯಿಂದ ಪಕ್ಕದ ಅಕ್ಷರ ಮುಚ್ಚಿ, ಏನಾಗ್ತಿದೆ ಹೇಳು ನೋಡೋಣ ಅನ್ನಿ. ಅವಳು ಹೇಳಲಿ, ಕನ್ನಡದಲ್ಲೇ. ಆಮೇಲೆ ಕೈ ತೆಗೆದು ಓದಿ. ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳು ಓದೋಕೆ ಬರುತ್ತಾರೆ. ಹೋದ ಮಳೆಗಾಲದಲ್ಲಿ ಇದೇ ಪುಸ್ತಕ ಹಿಡಿದಿದ್ದೆವು. ಆರನೇ ಕ್ಲಾಸಿನ ಒಬ್ಬ ಹುಡುಗ ಇಂಗ್ಲಿಷ್ ಓದೋಕೆ ಹೆದರಿ ಹಿಂದೆ ಕೂರುತ್ತಿದ್ದ. ಚಿತ್ರ ತೋರಿಸಿದಾಗ ಎಲ್ಲರಿಗಿಂತ ಮೊದಲು ಅವನೇ ಎದ್ದು ಬಂದು, ಕುದುರೆಯ ಕಿವಿ ಹಿಂದಕ್ಕೆ ಹೋಗಿದೆ ಮಿಸ್, ಅದಕ್ಕೆ ಸಿಟ್ಟು ಬಂದಿದೆ ಅಂದ. ನಾನು ಅಷ್ಟು ಸಲ ಆ ಪುಟ ನೋಡಿದ್ದೆ, ಕಿವಿ ನೋಡಿರಲಿಲ್ಲ. ಆವತ್ತಿನಿಂದ ಅವನು ಮುಂದಿನ ಸಾಲಿನಲ್ಲಿ ಕೂತ.

ಇಂಗ್ಲಿಷ್ ವಿಚಾರ. ನಿಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ ಅಂದಿರಿ. ಪರವಾಗಿಲ್ಲ, ಅವಳು ಗಟ್ಟಿಯಾಗಿ ಓದಲಿ. ಪ್ರತಿ ಪುಟದ ಕೊನೆಗೆ ನಿಮಗೆ ಕನ್ನಡದಲ್ಲಿ ಹೇಳಲಿ. ಗೊತ್ತಿಲ್ಲದ ಪದಕ್ಕೆಲ್ಲ ಡಿಕ್ಷನರಿ ತೆಗೆಯಬೇಡಿ. ಕವಚದ ಒಂದೊಂದು ಭಾಗಕ್ಕೂ ಒಂದೊಂದು ಹೆಸರಿದೆ. ಅವನ್ನೆಲ್ಲ 'ಕವಚ' ಅಂದುಕೊಂಡು ದಾಟಿ. ನಾಲ್ಕು ಪದ ಮಾತ್ರ ತಿಳಿದಿರಲಿ.

ನೈಟ್ ಅಂದರೆ ಆಣೆ ಮಾಡಿ ಪದವಿ ಪಡೆದ ಕುದುರೆ ಸವಾರ, ವೀರ. ಸ್ಕ್ವೈರ್ ಅಂದರೆ ಅವನ ಕೈಕೆಳಗಿನ ಹುಡುಗ. ಕುದುರೆಗೆ ಮೇವು ಹಾಕುತ್ತಾನೆ, ಕವಚ ಉಜ್ಜುತ್ತಾನೆ, ಭರ್ಜಿ ಎತ್ತಿ ಕೊಡುತ್ತಾನೆ, ನೋಡಿ ನೋಡಿ ತಾನೂ ಕಲಿಯುತ್ತಾನೆ. ನಮ್ಮ ಮಕ್ಕಳಿಗೆ ನಾನು ಲಾರಿ ಕ್ಲೀನರ್ ಅಂತ ಹೇಳಿಕೊಟ್ಟೆ. ಟೈರ್ ಬಡಿದು ನೋಡುತ್ತಾ, ಹಿಂದೆ ನಿಂತು ರೈಟ್ ರೈಟ್ ಅನ್ನುತ್ತಾ ಇದ್ದವನು ಒಂದಿನ ಸ್ಟೇರಿಂಗ್ ಹಿಡಿಯುತ್ತಾನೆ. ತಕ್ಷಣ ಅರ್ಥ ಆಯ್ತು. ಟೂರ್ನಿ ಅಂದರೆ ಈ ವೀರರ ಪಂದ್ಯ. ಇನ್ನು ಹೆಡ್ಜ್ ನೈಟ್. ಹೆಡ್ಜ್ ಅಂದರೆ ಬೇಲಿ. ಒಡೆಯ ಇಲ್ಲದ, ಮನೆ ಇಲ್ಲದ, ಬೇಲಿ ಬುಡದಲ್ಲಿ ಮಲಗುವ ವೀರ. ಊರೂರು ಅಲೆದು ಕೂಲಿಗೆ ಕತ್ತಿ ಹಿಡಿಯುವವನು. ಉಳಿದ ನೈಟ್‌ಗಳು ಅವನನ್ನು ಕೀಳಾಗಿ ನೋಡುತ್ತಾರೆ. ನಮ್ಮ ಡಂಕ್ ಅಂಥವನು. ಮೊದಲನೇ ಕಥೆಯ ಹೆಸರೂ ಅದೇ.

ಒಡೆಯ ಇದ್ದ ವೀರ ಹೇಗಿರುತ್ತಿದ್ದ ಎನ್ನುವುದಕ್ಕೆ ಹಳೇಬೀಡಿನಲ್ಲೇ ಒಂದು ಕಂಬ ಇದೆ. ದೇವಸ್ಥಾನದ ಪಕ್ಕದ ಗರುಡಗಂಬ. ಎರಡನೇ ವೀರಬಲ್ಲಾಳನ ಮಂತ್ರಿ, ಅಂಗರಕ್ಷಕ ಕುವರ ಲಕ್ಷ್ಮನ ನೆನಪಿನದ್ದು. ಒಡೆಯನ ಜೊತೆಗೇ ಪ್ರಾಣ ಬಿಡುತ್ತೇವೆ ಅಂತ ಆಣೆ ಮಾಡಿದ ಇಂಥ ವೀರರನ್ನು ಗರುಡರು ಎನ್ನುತ್ತಿದ್ದರು. ಕಂಬದ ಮೇಲೆ ತಮ್ಮ ಕತ್ತಿಗೆ ತಾವೇ ಕೊರಳು ಕೊಡುವವರ ಕೆತ್ತನೆ ಇದೆ. ನೋಡಿದರೆ ಮೈ ಜುಮ್ ಅನ್ನುತ್ತದೆ. ಉಂಡ ಅನ್ನದ ಋಣಕ್ಕೆ ನಮ್ಮ ಹಳಗನ್ನಡದವರು 'ಜೋಳದ ಪಾಳಿ' ಎನ್ನುತ್ತಿದ್ದರು. ಡಂಕ್‌ಗೆ ಅಂಥ ಋಣ ಇಲ್ಲ, ಅನ್ನ ಹಾಕುವ ಒಡೆಯನೇ ಇಲ್ಲವಲ್ಲ. ಹಾಗಿದ್ದೂ ಅವನು ಆಣೆಗೆ ತಪ್ಪದೆ ಬದುಕಲು ನೋಡುತ್ತಾನೆ. ಯಾರಿಗಾಗಿ? ಈ ಪ್ರಶ್ನೆ ಮಗಳ ಮುಂದೆ ಇಡಿ. ಉತ್ತರ ಬೇಗ ಬರಬೇಕಾಗಿಲ್ಲ.

ಕಥೆ ಶುರುವಾಗುವುದು ಒಂದು ಗುಂಡಿ ತೋಡುವುದರಿಂದ. ಡಂಕ್‌ನನ್ನು ಸಾಕಿದ ಮುದುಕ ನೈಟ್ ಸತ್ತಿದ್ದಾನೆ. ಮಳೆಗೆ ನೆಲ ಮೆತ್ತಗಾಗಿದೆ. ಹುಡುಗ ಒಬ್ಬನೇ ಮಣ್ಣು ಮಾಡುತ್ತಾನೆ. ಮುದುಕನ ಆಸ್ತಿ ಅಂದರೆ ಒಂದು ಕತ್ತಿ, ಮೂರು ಕುದುರೆ, ಸಣ್ಣ ಚೀಲದಲ್ಲಿ ಒಂದಿಷ್ಟು ಚಿಲ್ಲರೆ. ಕತ್ತಿ ಮಾರಿ ಯಾರದೋ ಮನೆಯಲ್ಲಿ ಕೆಲಸಕ್ಕೆ ಸೇರಬೇಕೋ, ತಾನೂ ನೈಟ್ ಎಂದು ಹೇಳಿಕೊಂಡು ಆಶ್‌ಫರ್ಡ್ ಎಂಬ ಊರಿನ ಪಂದ್ಯಕ್ಕೆ ಹೋಗಬೇಕೋ? ಹೋಗುತ್ತಾನೆ. ಆ ಪಂದ್ಯ ನಡೆಯುತ್ತಿರುವುದು ಅಲ್ಲಿನ ಸಾಹುಕಾರನ ಮಗಳಿಗೆ ಹದಿಮೂರು ತುಂಬಿದ ಸಂಭ್ರಮಕ್ಕೆ. ನಿಮ್ಮ ಮಗಳ ವಯಸ್ಸೇ. ಇದನ್ನು ಅವಳಿಗೆ ಹೇಳಿ, ಖುಷಿಪಡುತ್ತಾಳೆ.

ಪಂದ್ಯದ ಒಂದು ನಿಯಮ ಮೊದಲೇ ಗೊತ್ತಿದ್ದರೆ ಓದು ಬಿಸಿಯಾಗುತ್ತದೆ. ಸೋತವನ ಕುದುರೆ, ಕವಚ, ಆಯುಧ ಗೆದ್ದವನ ಪಾಲು. ಬೇಕಾದರೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಸಾಹುಕಾರನ ಮಗ ಸೋತರೆ ಮನೆಯಿಂದ ದುಡ್ಡು ಬರುತ್ತದೆ. ಡಂಕ್ ಸೋತರೆ ಅವತ್ತೇ ಬೀದಿಗೆ. ನಮಗೆ ಆಟ ಅನ್ನಿಸುವ ಜಾಗದಲ್ಲಿ ಅವನು ಜೀವನವನ್ನೇ ಪಣಕ್ಕೆ ಇಟ್ಟಿದ್ದಾನೆ.

ಒಂದು ಜಾಗ ಮಾತ್ರ ನಿಧಾನವಾಗಿ ಓದಿ ಎಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಡಂಕ್ ಮೈಗೆ ಸರಿಹೋಗುವ ಕವಚ ಮಾಡಿಸಬೇಕು. ಕೈಯಲ್ಲಿ ಕಾಸಿಲ್ಲ. ಮೂರು ಕುದುರೆಗಳಲ್ಲಿ ಸ್ವೀಟ್‌ಫೂಟ್ ಎಂಬ ಮುದ್ದಿನ ಹೆಣ್ಣು ಕುದುರೆಯನ್ನು ಮಾರುತ್ತಾನೆ. ಚೌಕಾಸಿ ಆಗುತ್ತದೆ, ದುಡ್ಡು ಎಣಿಸಿಕೊಳ್ಳುತ್ತಾನೆ. ಹೋಗುವಾಗ ಆ ದುಡ್ಡಿನಲ್ಲೇ ಒಂದು ನಾಣ್ಯವನ್ನು ಕೊಂಡವನ ಕೈಗೆ ವಾಪಸ್ ಇಟ್ಟು, ಇವತ್ತು ರಾತ್ರಿ ಅದಕ್ಕೆ ಕಾಳು ಹಾಕಿ, ಒಂದು ಸೇಬೂ ಕೊಡಿ ಅನ್ನುತ್ತಾನೆ. ಅಷ್ಟೇ. ಎರಡು ಸಾಲು. ನಮ್ಮ ತಾತ ರಾಮನಾಥಪುರದ ದನಗಳ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಮಾರಿ ಬಂದದ್ದು ನನಗೆ ನೆನಪಿದೆ. ಕೊಂಡವನ ಕೈಗೆ ಹಗ್ಗ ಕೊಡುವ ಮೊದಲು ಎರಡಕ್ಕೂ ಬೆಲ್ಲ ತಿನ್ನಿಸಿದರು. ಎಡಗಡೆಯದು ನೀರು ಕುಡಿಯುವಾಗ ಹೆದರುತ್ತೆ, ಬಕೀಟು ಸದ್ದು ಮಾಡಬೇಡಿ ಅಂದರು. ಬಸ್ಸಿನಲ್ಲಿ ಅರಕಲಗೂಡು ಬರುವವರೆಗೂ ಒಂದು ಮಾತು ಆಡಲಿಲ್ಲ. ಆ ಸೇಬಿನ ಸಾಲು ಓದಿದಾಗೆಲ್ಲ ನನಗೆ ತಾತನ ಅಂಗೈಯಲ್ಲಿ ಅಂಟಿದ್ದ ಬೆಲ್ಲ ನೆನಪಾಗುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರುತ್ತದೆ. ಆ ಪುಟದಲ್ಲಿ ಪುಸ್ತಕ ಮಡಚಿ, ಅದನ್ನು ಮಗಳಿಗೆ ಹೇಳಿ. ಕಥೆ ದೂರದ್ದು ಅನ್ನುವ ಭಾವನೆ ಅಲ್ಲಿಗೆ ಮುಗಿಯುತ್ತದೆ.

ಡಂಕ್‌ಗೆ ಇನ್ನೊಂದು ತೊಡಕು. ಪಂದ್ಯಕ್ಕೆ ಇಳಿಯಬೇಕಾದರೆ ಅವನು ನಿಜವಾದ ನೈಟ್ ಎಂದು ಯಾರಾದರೂ ದೊಡ್ಡವರು ಹೇಳಬೇಕು. ಇಲ್ಲಿಗೆ ಬಂದಾಗ ಕರ್ಣನನ್ನು ನೆನಪಿಸಿ. ರಾಜಕುಮಾರರ ಆಟದ ಬಯಲಿಗೆ ಬಂದು ನಿಂತವನನ್ನು ನಿನ್ನ ಕುಲ ಯಾವುದು ಅಂತ ಕೇಳಿದರಲ್ಲ. ಅಂದು ಕರ್ಣನ ಕೈ ಹಿಡಿದದ್ದು ದುರ್ಯೋಧನ. ಡಂಕ್‌ನ ಕೈ ಯಾರು ಹಿಡಿಯುತ್ತಾರೆ ಅಂತ ಕೇಳಿ, ಪುಟ ತಿರುವಿ.

ಗುರಾಣಿಗಳ ಮೇಲಿನ ಗುರುತುಗಳನ್ನು ಅವಳು ಇಷ್ಟಪಡುತ್ತಾಳೆ. ಪ್ರತಿ ಮನೆತನಕ್ಕೂ ಒಂದು ಲಾಂಛನ. ರಾಜಮನೆತನದ್ದು ಮೂರು ತಲೆಯ ಕೆಂಪು ಡ್ರ್ಯಾಗನ್. ನಮಗೆ ಚಾಲುಕ್ಯರ ವರಾಹ, ಹುಲಿಯನ್ನು ಇರಿಯುವ ಹೊಯ್ಸಳರ ಸಳ ಇದ್ದ ಹಾಗೆ. ಬೇಲೂರಿನ ಬಾಗಿಲಲ್ಲಿ ಸಳನನ್ನು ನೋಡಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಂಕ್‌ಗೆ ತನ್ನದೇ ಗುರುತು ಇರುವುದಿಲ್ಲ. ಅವನ ಗುರಾಣಿಗೆ ಬಣ್ಣ ಹಾಕಿಕೊಡುವವಳು ಗೊಂಬೆಯಾಟದ ಒಬ್ಬ ಎತ್ತರದ ಹುಡುಗಿ. ಅವಳು ಬರೆಯುವುದು ಒಂದು ಮರ, ಮರದ ಮೇಲೆ ಬೀಳುತ್ತಿರುವ ಚುಕ್ಕಿ. ಆ ಚುಕ್ಕಿಯನ್ನು ಡಂಕ್ ಎಲ್ಲಿ ನೋಡಿದ್ದ ಎಂದು ಮಗಳು ಹಿಂದಿನ ಪುಟಗಳಲ್ಲಿ ಹುಡುಕಲಿ.

ಡ್ರ್ಯಾಗನ್ ಬರುತ್ತಾ ಅಂತ ಖಂಡಿತ ಕೇಳುತ್ತಾಳೆ. ಬರುವುದಿಲ್ಲ. ಈ ಕಥೆಯ ಹೊತ್ತಿಗೆ ಕೊನೆಯ ಡ್ರ್ಯಾಗನ್ ಸತ್ತು ಐವತ್ತು ವರ್ಷದ ಮೇಲಾಗಿದೆ. ಇರುವುದು ಬಾವುಟದ ಮೇಲೆ, ಮತ್ತೆ ಆ ಹುಡುಗಿಯ ಗೊಂಬೆಯಾಟದಲ್ಲಿ. ಮರದ ಡ್ರ್ಯಾಗನ್ ಅದು. ಆದರೆ ಇಡೀ ಕಥೆ ತಿರುಗುವುದು ಅದರಿಂದಲೇ. ಮೊದಲೇ ಹೇಳಿಬಿಡಿ, ನಿರಾಸೆ ಆಗುವುದಿಲ್ಲ.

ವಯಸ್ಸಿನ ವಿಚಾರ ಬಿಡಿಸಿ ಹೇಳುತ್ತೇನೆ. ಮೊದಲನೇ ಕಥೆಯನ್ನು ಹದಿಮೂರರ ಮಗು ನಿಮ್ಮ ಪಕ್ಕದಲ್ಲಿ ಕೂತು ಓದಬಹುದು, ಒಬ್ಬಳೇ ಬೇಡ. ಒರಟು ಮಾತುಗಳಿವೆ. ಪಂದ್ಯದಲ್ಲಿ ಒಂದು ಕುದುರೆಗೆ ಬೇಕಂತಲೇ ಮಾಡುವ ಕೇಡು ಓದಲು ಕಷ್ಟ. ಗೊಂಬೆಯಾಟದ ಹುಡುಗಿಗೆ ಒಬ್ಬ ರಾಜಕುಮಾರ ಮಾಡುವ ಅನ್ಯಾಯ ಇನ್ನೂ ಕಷ್ಟ. ಸಾವುಗಳಿವೆ. ಒಂದು ಸಾವು ದೊಡ್ಡವರನ್ನೂ ಅಳಿಸುತ್ತದೆ. ಆ ಪುಟಗಳನ್ನು ನೀವು ಹಿಂದಿನ ದಿನವೇ ಓದಿಕೊಂಡಿರಿ. ಹಾರಿಸಬೇಡಿ, ಜೊತೆಗಿರಿ. ಅನ್ಯಾಯ ಕಂಡಾಗ ಡಂಕ್ ಏನು ಮಾಡುತ್ತಾನೆ ಅನ್ನುವುದೇ ಕಥೆಯ ಜೀವ. ಅನ್ಯಾಯವನ್ನೇ ಹಾರಿಸಿದರೆ ಅದು ಉಳಿಯುವುದಿಲ್ಲ.

ಸೀರೀಸ್‌ಗೆ ಮಾತ್ರ ಬೇರೆ ಲೆಕ್ಕ. ಅದನ್ನು ಮಾಡುತ್ತಿರುವುದು ದೊಡ್ಡ ಸರಣಿಯನ್ನು ಮಾಡಿದ ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒ. ಅವರು ದೊಡ್ಡವರಿಗಾಗಿ ಮಾಡುತ್ತಾರೆ. ಓದಿದಾಗ ಒಂದು ಸಾಲಿನಲ್ಲಿ ದಾಟುವ ರಕ್ತ ಪರದೆಯಲ್ಲಿ ಕಣ್ಣೆದುರೇ ಇರುತ್ತದೆ, ಮುಜುಗರದ ದೃಶ್ಯಗಳೂ ಇರಬಹುದು. ಪ್ರತಿ ಕಂತನ್ನೂ ಮೊದಲು ನೀವು ನೋಡಿ. ಆಮೇಲೆ ಅವಳಿಗೆ ಯಾವುದು ಸರಿ ಎಂದು ನಿರ್ಧಾರ ಮಾಡಿ. ಕೆಲವು ಕಂತು ಇನ್ನೆರಡು ವರ್ಷ ಕಾಯಲಿ ಅನ್ನಿಸಿದರೆ ಕಾಯಿಸಿ. ಪುಸ್ತಕ ಓದಿದ ಮಗುವಿಗೆ ಕಾಯುವುದು ಅಷ್ಟು ಕಷ್ಟವಾಗಲ್ಲ. ಕಥೆ ಆಗಲೇ ಅವಳ ಹತ್ತಿರ ಇರುತ್ತದೆ.

ಉಳಿದ ಎರಡು ಕಥೆ ಬೇಸಿಗೆ ರಜಕ್ಕೆ ಇಟ್ಟುಕೊಳ್ಳಿ. ಎರಡನೆಯದು ನಿಮಗೆ ಮಗಳಿಗಿಂತ ಜಾಸ್ತಿ ಹಿಡಿಸುತ್ತದೆ ಅಂತ ನನ್ನ ನಂಬಿಕೆ. ಬರಗಾಲ, ಬತ್ತುತ್ತಿರುವ ಹಳ್ಳ, ಮೇಲಿನವರು ಕಟ್ಟೆ ಹಾಕಿ ನೀರು ತಿರುಗಿಸಿಕೊಂಡರು ಅಂತ ಎರಡು ಮನೆತನದ ಜಗಳ. ಹಳ್ಳಕ್ಕೆ ಮೋಟಾರ್ ಇಟ್ಟು ಕಾಫಿಗೆ ನೀರು ಹಾಯಿಸುವವರಿಗೆ ಆ ಜಗಳದ ಬಿಸಿ ಗೊತ್ತು. ಮುಂದಿನ ಸೀಸನ್ ಆ ಕಥೆಯದ್ದೇ. ಮೂರನೆಯದರಲ್ಲಿ ಒಂದು ಮದುವೆ ಮನೆ, ಮತ್ತೆ ಪಂದ್ಯ, ಬಹುಮಾನಕ್ಕೆ ಡ್ರ್ಯಾಗನ್ ಮೊಟ್ಟೆ. ಅದರಲ್ಲಿ ಹೆಸರುಗಳು ಜಾಸ್ತಿ, ಹಳೆಯ ಯುದ್ಧವೊಂದರ ಲೆಕ್ಕಾಚಾರವೂ ಇದೆ. ಅದಕ್ಕೆ ಆತುರ ಮಾಡಬೇಡಿ.

ಇವತ್ತು ರಾತ್ರಿಯೇ ಶುರು ಮಾಡಿ. ಅವಳು ಓದಿರುವ ಹತ್ತು ಪುಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮತ್ತೆ ಆ ಗುಂಡಿ ತೋಡುವ ಕಡೆಯಿಂದಲೇ ಓದಿ. ದಾರಿಯ ಹೋಟೆಲಿನ ಹತ್ತಿರ ಡಂಕ್ ಆ ಬೋಳುತಲೆ ಹುಡುಗನನ್ನು ಮೊದಲ ಸಲ ನೋಡುವ ಜಾಗ ಬರುತ್ತದೆ. ಅಲ್ಲಿ ಪುಸ್ತಕ ಮುಚ್ಚಿ, ಒಂದು ಬಿಳಿ ಹಾಳೆ, ಪೆನ್ಸಿಲ್ ಕೊಡಿ. ಜಿಯಾನಿ ಬರೆದದ್ದನ್ನು ನೋಡದೆ ಅವಳ ಎಗ್‌ನ ಮುಖ ಅವಳೇ ಬರೆಯಲಿ. ಕಿವಿ ದೊಡ್ಡದಾಗಲಿ, ಮೂಗು ಸೊಟ್ಟಗಾಗಲಿ, ತಿದ್ದಬೇಡಿ. ಕೆಳಗೆ ತಾರೀಖು ಹಾಕಿಸಿ, ಆ ಹಾಳೆಯನ್ನು ಅದೇ ಪುಟದಲ್ಲಿ ಇಡಿ. ನನಗೂ ಅದರ ಒಂದು ಫೋಟೋ ಕಳಿಸಿ, ನಮ್ಮ ಭಾನುವಾರದ ಮಕ್ಕಳು ಬರೆದ ಹನ್ನೊಂದು ಎಗ್‌ಗಳ ಪಕ್ಕದಲ್ಲಿ ಅಂಟಿಸುತ್ತೇನೆ.